ಪೈಪು ಹಾಕಿದವರು, ತೆಗೆಯುವವರು

ರೋಗಿಯನ್ನು ನೋಡಿ ಬರುವುದಕ್ಕೆ ಉರ್ದುವಿನಲ್ಲಿ 'ಇಯಾದತ್' ಎನ್ನುತ್ತಾರೆ. ರೋಗಿಯ ಪಕ್ಕದಲ್ಲಿದ್ದು ಹಗಲು ರಾತ್ರಿ ಚಾಕರಿ ಮಾಡುವುದಕ್ಕೆ ಬೇರೆಯೇ ಪದವಿದೆ, 'ತೀಮಾರ್‌ದಾರಿ'. ಶಾಲೆಯಲ್ಲಿ ಈ ಎರಡನ್ನೂ ಬಾಯಿಪಾಠ ಮಾಡಿ ಅಂಕ ಗಳಿಸಿದ್ದ ನಮಗೆ ಅವುಗಳ ನಡುವೆ ಎಷ್ಟು ದೂರವಿದೆಯೆಂದು ತಿಳಿದದ್ದು ಸಾಲಿಗ್ರಾಮದ ಮಾಮುವಿನ ಮನೆಯಲ್ಲಿ, ಒಂದು ಮೂತ್ರದ ಚೀಲದ ಎದುರು.

ಮಾಮು ಪೇಟೆಯಲ್ಲಿ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಊರಿನ ಅರ್ಧದಷ್ಟು ಜನರ ಸೊಂಟದ ಅಳತೆ ಅವರ ಪುಸ್ತಕದಲ್ಲಿತ್ತು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ದೂರದ ನಗರವೊಂದರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆ ಹೊತ್ತಿಗೆ ಮೂತ್ರಕ್ಕೆಂದು ಪೈಪು ಹಾಕಿದರು. ಹಾಕಿದ್ದು ಸರಿಯೇ. ಆರನೆಯ ದಿನ ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ನಂತರ, ಹೊಲಿಗೆ ಬಿಚ್ಚುವುದು ಎಂದು ಎಲ್ಲವೂ ಇತ್ತು. ಪೈಪಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ತಪ್ಪೆಲ್ಲ ಆಸ್ಪತ್ರೆಯದ್ದಾಗಿ ನಾವು ಹಗುರಾಗಬಹುದು. ಆದರೆ ಹೊಲಿಗೆ ಬಿಚ್ಚಿಸಲು ಹೋದ ದಿನ ಅಲ್ಲಿದ್ದ ಎಳೆಯ ಡಾಕ್ಟರು ಪೈಪಿನತ್ತ ನೋಡಿ, "ಇದನ್ನು ಬೇಕಾದರೆ ತೆಗೆಯಬಹುದು" ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾತ್ರಿ ಮೂರು ಸಲ ಎಬ್ಬಿಸಿ, ಇಬ್ಬರು ಹಿಡಿದು, ಪಾತ್ರೆ ಕೊಟ್ಟು, ಒದ್ದೆಯಾದ ಹಾಸಿಗೆ ಬದಲಿಸುವ ಚಿತ್ರ ನಮ್ಮೆಲ್ಲರ ಕಣ್ಣಮುಂದೆ ಒಮ್ಮೆಗೇ ಬಂತು. "ಇರಲಿ ಡಾಕ್ಟ್ರೇ, ಇನ್ನೂ ಸ್ವಲ್ಪ ದಿನ ಇರಲಿ" ಎಂದೆವು. ಮಾಮುವನ್ನು ಯಾರೂ ಕೇಳಲಿಲ್ಲ. ಅವರು ಗೋಡೆ ನೋಡುತ್ತ ಮಲಗಿದ್ದರು.

ಆಮೇಲೆ ಇಯಾದತ್ ಶುರುವಾಯಿತು. ಅಂಗಡಿಯ ಹಳೆಯ ಗಿರಾಕಿಗಳು, ಜಮಾಅತಿನವರು, ಕೋಟ, ಪಾರಂಪಳ್ಳಿ, ಬ್ರಹ್ಮಾವರದಿಂದ ನೆಂಟರು. ಬಂದವರೆಲ್ಲ ಪ್ರೀತಿಯಿಂದಲೇ ಬಂದರು, ಕಿತ್ತಳೆ ತಂದರು, ದುಆ ಮಾಡಿದರು. ಮಂಚದ ಕೆಳಗೆ ಕೊಕ್ಕೆಯಲ್ಲಿ ತೂಗುತ್ತಿದ್ದ ಹಳದಿ ಚೀಲ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಯಾರಾದರೂ ಗೇಟು ತೆರೆದ ಸದ್ದು ಕೇಳಿದೊಡನೆ ಮಾಮಿ ಓಡಿ ಬಂದು ಚೀಲವನ್ನು ಕೊಕ್ಕೆಯಿಂದ ಬಿಡಿಸಿ, ಮಂಚದ ಮೇಲೆ ಮಾಮುವಿನ ಕಾಲ ಬಳಿ ಇಟ್ಟು, ಮೇಲೊಂದು ಚಾದರ ಹೊದಿಸಿಬಿಡುತ್ತಿದ್ದರು. ಮಾಮುವೋ, ಚೀಲ ಬೇಗ ತುಂಬದಿರಲೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮೇ ತಿಂಗಳ ಸೆಖೆಯಲ್ಲಿ ಹಗಲಿಗೆ ಎರಡು ಲೋಟ. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಒಬ್ಬರು ಮಾತ್ರ ಚೀಲವನ್ನು ನೋಡಿಯೂ ನೋಡದಂತೆ ಮಾಡಲಿಲ್ಲ. ಹಿಂದಿನ ಮನೆಯ ನಿವೃತ್ತ ಮಾಷ್ಟ್ರು. ಕುರ್ಚಿ ಎಳೆದು ಕೂತವರೇ, "ಹ್ವಾಯ್ ಸಾಹೇಬ್ರೆ, ಈ ಪೈಪ್ ತೆಗೂದ್ ಯಾವಾಗ?" ಎಂದು ಕೇಳಿದರು. ಕೋಣೆಯಲ್ಲಿದ್ದವರಿಗೆ ಮುಜುಗರವಾಯಿತು. ಅದು ಆ ಮನೆಯಲ್ಲಿ ಆ ಐದು ವಾರಗಳಲ್ಲಿ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆಯಾಗಿತ್ತು ಎಂಬುದು ಈಗ ತಿಳಿಯುತ್ತಿದೆ.

ಮೂವತ್ತಮೂರನೆಯ ದಿನ ಮಾಮುವಿಗೆ ಚಳಿಜ್ವರ ಬಂತು. ಹಲ್ಲು ಕಟಕಟಿಸುವ ಚಳಿ. ಚೀಲಕ್ಕೆ ಹನಿ ಮೂತ್ರ ಇಳಿಯುತ್ತಿರಲಿಲ್ಲ, ಕಿಬ್ಬೊಟ್ಟೆ ಉಬ್ಬಿ ಕಲ್ಲಿನಂತಾಗಿತ್ತು, ಮಾತು ತಪ್ಪುತ್ತಿತ್ತು. ನಮ್ಮ ಕರೆಗೆ ಓಡಿ ಬಂದ ಸಿಸ್ಟರ್ ಮೊದಲು ಕೇಳಿದ್ದು ಜ್ವರದ ಬಗ್ಗೆ ಅಲ್ಲ, "ಚೀಲವನ್ನು ಮಂಚದ ಮೇಲೆ ಇಟ್ಟದ್ದು ಯಾರು?" ಎಂದು. ಪೈಪನ್ನು ಬದಲಿಸಿ, ಹಳೆಯದರ ತುದಿಯನ್ನು ನಮ್ಮ ಕೈಗೆ ಕೊಟ್ಟರು. ಮೆತ್ತಗಿರಬೇಕಾಗಿದ್ದ ರಬ್ಬರಿನ ಮೇಲೆ ಮೊಟ್ಟೆಯ ಸಿಪ್ಪೆಯಂಥ ಗಟ್ಟಿ ಪದರ. ಬೆರಳಿನಿಂದ ಉಜ್ಜಿದರೆ ಮರಳು ಉದುರುತ್ತಿತ್ತು. ಮತ್ತೆ ಆಸ್ಪತ್ರೆ, ಒಂಬತ್ತು ದಿನ. ಮಾಮು ಉಳಿದರು.

ಆ ಮರಳು ಎಲ್ಲಿಂದ ಬಂತೆಂದು ತಿಳಿಯದೆ ನಮಗೆ ನೆಮ್ಮದಿ ಇರಲಿಲ್ಲ. ವಿಜ್ಞಾನದ ವಿಷಯವನ್ನು ಕನ್ನಡದಲ್ಲಿ ಬರೆಯಲು ಸಾಲಿಗ್ರಾಮದಲ್ಲಿ ಸ್ವಲ್ಪ ಅಳುಕಾಗುತ್ತದೆ. ಬಾಲ ಪ್ರಪಂಚವನ್ನೂ ವಿಜ್ಞಾನ ಪ್ರಪಂಚವನ್ನೂ ಒಂಟಿಯಾಗಿ ಬರೆದು ಮುಗಿಸಿದ ಶಿವರಾಮ ಕಾರಂತರು ಕೊನೆಯ ವರ್ಷಗಳನ್ನು ಕಳೆದ ಊರು ಇದು. ಆದರೂ ನಮಗೆ ತಿಳಿದಷ್ಟನ್ನು ಹೇಳಬೇಕು.

ಮೂತ್ರಕೋಶಕ್ಕೆ ಕೊಳವೆ ಇಳಿಸುವುದು ಹೊಸ ವಿದ್ಯೆಯಲ್ಲ. ಸುಶ್ರುತ ಸಂಹಿತೆಯಲ್ಲಿ ತುಪ್ಪ ಸವರಿದ ನಳಿಗೆಯ ಮಾತಿದೆ. ಸಾವಿರ ವರ್ಷಗಳ ಹಿಂದೆ ಅಂದಲೂಸಿಯಾದ ಕುರ್ತುಬಾದಲ್ಲಿದ್ದ ಶಸ್ತ್ರವೈದ್ಯ ಅಝ್ಝಹ್ರಾವಿ ನುಣುಪಾದ ತೆಳು ಬೆಳ್ಳಿಯ ನಳಿಗೆಯನ್ನು ವಿವರಿಸಿದ್ದಾರೆ. ಇಬ್ನು ಸೀನಾ ಇನ್ನೂ ಮೆತ್ತಗಿನದು ಬೇಕೆಂದು ಪ್ರಾಣಿಗಳ ಚರ್ಮದ ನಳಿಗೆಯನ್ನು ಹೇಳುತ್ತಾರೆ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಅಣ್ಣನಿಗೆಂದು ಬಾಗುವಂಥ ಬೆಳ್ಳಿಯ ನಳಿಗೆ ಮಾಡಿಸಿ ಕಳುಹಿಸಿದ. ಇವೆಲ್ಲ ಒಳಗಿಳಿಸಿ, ಮೂತ್ರ ತೆಗೆದು, ಹೊರಗೆಳೆಯುವ ನಳಿಗೆಗಳು. ಒಳಗೇ ಉಳಿಯುವಂಥದ್ದನ್ನು ಮನೆಮಾತಾಗಿಸಿದ್ದು ಅಮೆರಿಕದ ಮೂತ್ರರೋಗ ತಜ್ಞ ಫ್ರೆಡೆರಿಕ್ ಫೋಲಿ. ತುದಿಯಲ್ಲೊಂದು ಪುಟ್ಟ ಬಲೂನು, ಒಳಗೆ ಹೋದ ಮೇಲೆ ಅದಕ್ಕೆ ನೀರು ತುಂಬಿದರೆ ಜಾರಿ ಹೊರಬರುವುದಿಲ್ಲ. 1929ರಲ್ಲಿ ಅವರು ಇಂಥದ್ದನ್ನು ಮೊದಲು ವಿವರಿಸಿದ್ದು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಸುರಿಯುವ ರಕ್ತವನ್ನು ಒತ್ತಿ ನಿಲ್ಲಿಸಲು. ಪೇಟೆಂಟು ವ್ಯಾಜ್ಯದಲ್ಲಿ ಬೇರೆಯವರ ಪಾಲಾಯಿತು, ಹೆಸರು ಮಾತ್ರ ಫೋಲಿಯದ್ದೇ ಉಳಿಯಿತು.

ಅಂದರೆ ಕೆಲವು ದಿನಗಳ ರಕ್ತಸ್ರಾವ ತಡೆಯಲೆಂದು ಹುಟ್ಟಿದ ವಸ್ತು ಇದು. ತಿಂಗಳುಗಟ್ಟಲೆ ಮುದುಕರ ಮೈಯೊಳಗೆ ವಾಸ ಮಾಡಲೆಂದು ಇದನ್ನು ಯಾರೂ ಯೋಚಿಸಿ ರೂಪಿಸಲಿಲ್ಲ. ಅದರ ದೋಷಗಳೆಲ್ಲ ಅಲ್ಲಿಂದಲೇ ಬಂದಂತಿವೆ. ಮೂತ್ರ ಒಳಬರುವ ಕಿಂಡಿಗಳು ಬಲೂನಿಗಿಂತ ಮೇಲೆ ಇರುವುದರಿಂದ ಬಲೂನಿನ ಸುತ್ತ ಸ್ವಲ್ಪ ಮೂತ್ರ ಯಾವಾಗಲೂ ನಿಂತೇ ಇರುತ್ತದೆ. ನಿಂತ ನೀರು ಏನಾಗುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮೂತ್ರಕೋಶ ತುಂಬಿ, ರಭಸದಿಂದ ಖಾಲಿಯಾಗಿ, ಹೋಗುವಾಗ ದಾರಿಯನ್ನೂ ತೊಳೆದುಕೊಂಡು ಹೋಗುವುದು ದೇಹದ ಸ್ವಾಭಾವಿಕ ಕ್ರಮ. ಪೈಪು ಆ ತೊಳೆಯುವಿಕೆಯನ್ನು ನಿಲ್ಲಿಸುತ್ತದೆ. ಜೊತೆಗೆ ರೋಗಾಣುಗಳಿಗೆ ಕೂರಲು ಒಂದು ಗೋಡೆಯನ್ನೂ ಕೊಡುತ್ತದೆ. ಅವು ಆ ಗೋಡೆಗೆ ಅಂಟಿ, ತಮ್ಮ ಸುತ್ತ ಲೋಳೆಯ ಪದರವೊಂದನ್ನು ಕಟ್ಟಿಕೊಳ್ಳುತ್ತವೆ. ಕೆರೆಯ ಮೆಟ್ಟಿಲ ಪಾಚಿಯಂತೆ. ಆ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಅವುಗಳಲ್ಲಿ ಪ್ರೋಟಿಯಸ್ ಎಂಬ ಜಾತಿಯೊಂದು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗುತ್ತದೆ, ಅದರಲ್ಲಿ ಕರಗಿದ್ದ ಮೆಗ್ನೀಶಿಯಂ, ಕ್ಯಾಲ್ಸಿಯಂ ಫಾಸ್ಫೇಟುಗಳು ಹರಳುಗಟ್ಟುತ್ತವೆ, ಕೊಳವೆ ಕಟ್ಟಿಕೊಳ್ಳುತ್ತದೆ. ನಮ್ಮ ಬೆರಳಿಗೆ ತಾಗಿದ ಮರಳು ಅದು. ನೀರು ಕಡಿಮೆ ಕುಡಿದಷ್ಟೂ ಮೂತ್ರ ಮಂದವಾಗಿ ಹರಳು ಬೇಗ ಕಟ್ಟುತ್ತದೆ. ಮಂಚದ ಮೇಲಿಟ್ಟ ಚೀಲದಿಂದ ಹಳೆಯ ಮೂತ್ರ ಹಿಂದಕ್ಕೆ ಹರಿದು ಮೂತ್ರಕೋಶ ಸೇರಬಲ್ಲದು.

ಮಾಮುವನ್ನು ಸಾವಿನ ಬಾಗಿಲಿಗೆ ಒಯ್ದದ್ದರಲ್ಲಿ ನಾಚಿಕೆಯ ಪಾಲೂ ಇತ್ತೆಂದು ಇದರಿಂದ ನಮಗನಿಸುತ್ತದೆ. ಎರಡು ಲೋಟ ನೀರು ನಾಚಿಕೆ, ಮಂಚದ ಮೇಲಿನ ಚೀಲ ನಾಚಿಕೆ. ಹಯಾ ಎಂಬುದು ನಮ್ಮಲ್ಲಿ ದೊಡ್ಡ ಗುಣ, ಅದನ್ನು ಹೀಗಳೆಯುವ ಉದ್ದೇಶವಿಲ್ಲ. ಆದರೆ ಅದು ಮುದುಕನೊಬ್ಬನ ಮೈಯ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ಯಾರೂ ಲೆಕ್ಕ ಹಾಕುವುದಿಲ್ಲ. ನಮಾಝಿನ ವಿಷಯದಲ್ಲೂ ಹಾಗೆಯೇ ಆಯಿತು. ಮೂತ್ರ ಸದಾ ಹರಿಯುತ್ತಿರುವಾಗ ವುಝೂ ಉಳಿಯುವುದು ಹೇಗೆಂದು ಮಾಮು ನಮಾಝನ್ನೇ ಬಿಟ್ಟಿದ್ದರು. ಹನಫಿ ಫಿಕ್ಹ್‌ನಲ್ಲಿ ಇಂಥವರನ್ನು ಮಅಝೂರ್ ಎಂದು ಕರೆದು, ಪ್ರತಿ ನಮಾಝಿನ ವೇಳೆಗೆ ಒಮ್ಮೆ ವುಝೂ ಮಾಡಿದರೆ ಸಾಕು, ಆ ವೇಳೆ ಮುಗಿಯುವ ತನಕ ಹರಿಯುವುದರಿಂದ ಅದು ಮುರಿಯುವುದಿಲ್ಲ ಎಂದು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಮೌಲವಿ ಸಾಹೇಬರು ಬಂದು ಇದನ್ನೇ ಹೇಳಿದರು. ಮಾಮು ತಲೆಯಾಡಿಸಿದರು, ನಂಬಲಿಲ್ಲ. ಆ ಕಾನೂನು ಬರೆದವರು ಸೋರುವ ದೇಹವನ್ನು ಕಣ್ಣೆದುರು ಇಟ್ಟುಕೊಂಡೇ ಯೋಚಿಸಿದ್ದಾರೆ. ಅವರಿಗಿಲ್ಲದ ಸಂಕೋಚ ನಮಗೆ ಎಲ್ಲಿಂದ ಬಂತು?

ಇನ್ನು ವಿನ್ಯಾಸದ ಮಾತು. ಇದರಲ್ಲೊಂದು ನೈತಿಕ ಪ್ರಶ್ನೆ ಅಡಗಿದೆ ಎಂದು ನಮಗನಿಸುವುದು ಇಲ್ಲಿಂದ.

ಮೊದಲಿಗೆ ಈ ಪೈಪಿನ ಹೊರತುದಿಯನ್ನು ತೆರೆದ ಬಾಟಲಿಗೋ ಡಬ್ಬಿಗೋ ಇಳಿಬಿಡುತ್ತಿದ್ದರು. ಹಾಗೆ ಬಿಟ್ಟರೆ ನಾಲ್ಕು ದಿನಗಳೊಳಗೆ ಹೆಚ್ಚುಕಡಿಮೆ ಎಲ್ಲ ರೋಗಿಗಳ ಮೂತ್ರದಲ್ಲೂ ರೋಗಾಣು ಸೇರುತ್ತಿತ್ತು. ಕೊಳವೆ ಮತ್ತು ಚೀಲವನ್ನು ಗಾಳಿಯಾಡದಂತೆ ಒಂದಾಗಿಸಿ ಮುಚ್ಚಿದರೆ ಹೇಗೆ ಎಂದು ಲಂಡನ್ನಿನ ಕತ್‌ಬರ್ಟ್ ಡ್ಯೂಕ್ಸ್ 1928ರಲ್ಲೇ ಸೂಚಿಸಿದ್ದರು. ಅದರ ಉಪಯೋಗವನ್ನು ಎಲ್ಲರೂ ಒಪ್ಪುವಂತೆ ಅಮೆರಿಕದ ಕುನಿನ್ ಮತ್ತು ಮೆಕಾರ್ಮಾಕ್ ತೋರಿಸಿದ್ದು 1966ರಲ್ಲಿ. ಸರಳ ಉಪಾಯ, ಬಂದುಹೋಗಲು ಮೂವತ್ತೆಂಟು ವರ್ಷ. ಅಂದಿನಿಂದ ಇಂದಿನವರೆಗೆ ಇದಕ್ಕೆ ಸಮನಾದ ಇನ್ನೊಂದು ಸುಧಾರಣೆ ಆ ಕೊಳವೆಯಲ್ಲಿ ಆಗಿಲ್ಲ. ಮುಚ್ಚಿದ ಚೀಲವಿದ್ದರೂ ಪ್ರತಿದಿನ ನೂರರಲ್ಲಿ ಮೂರರಿಂದ ಏಳು ಮಂದಿಗೆ ರೋಗಾಣು ಸೇರುತ್ತದೆ, ಒಂದು ತಿಂಗಳಾಗುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಿಗೂ. ರೋಗಾಣು ಇದ್ದ ಮಾತ್ರಕ್ಕೆ ಕಾಯಿಲೆಯೆಂದಲ್ಲ. ಜ್ವರ, ನೋವು ಏನೂ ಇಲ್ಲದಿದ್ದರೂ ಮೂತ್ರ ಪರೀಕ್ಷೆಯ ಚೀಟಿ ನೋಡಿ ಆ್ಯಂಟಿಬಯೋಟಿಕ್ ನುಂಗಿಸಿದರೆ ಸಾಯದ ರೋಗಾಣುಗಳನ್ನು ನಾವೇ ಸಾಕಿ ಬೆಳೆಸಿದಂತೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಾತ್ರೆ ತರುವ ನಮ್ಮ ಕಡೆಯ ಅಭ್ಯಾಸದ ಬಗ್ಗೆ ಬರೆಯಹೊರಟರೆ ಅದೇ ಇನ್ನೊಂದು ಲೇಖನವಾದೀತು.

ಮುಚ್ಚಿದ ಚೀಲದ ವಿಶೇಷವೇನು? ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ನರ್ಸಿಗೆ ದಣಿವಾಗಿದ್ದರೂ, ಮಗನಿಗೆ ಬೇಸರವಾಗಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ಇದಕ್ಕೆ ಎದುರಾಗಿ ಕೈ ತೊಳೆಯುವುದು, ಚೀಲವನ್ನು ಕೆಳಗೆ ತೂಗುಹಾಕುವುದು, 'ಇದು ಇನ್ನೂ ಬೇಕೇ?' ಎಂದು ದಿನವೂ ಕೇಳಿಕೊಳ್ಳುವುದು, ಇವೆಲ್ಲ ಮನುಷ್ಯರ ಎಚ್ಚರವನ್ನೇ ನಂಬಿ ನಿಂತವು. ಆ ಎಚ್ಚರ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ? ಅಮೆರಿಕದ ವೈದ್ಯ ಸಂಜಯ್ ಸೇಂಟ್ ಮತ್ತು ಸಂಗಡಿಗರು ನಾಲ್ಕು ಆಸ್ಪತ್ರೆಗಳ ವೈದ್ಯರನ್ನು ಅವರವರ ರೋಗಿಗಳ ಬಗ್ಗೆ ಕೇಳಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೈಪು ಇರುವ ರೋಗಿಗಳ ವಿಷಯದಲ್ಲಿ ನೂರಕ್ಕೆ 28 ಸಲ ವೈದ್ಯರಿಗೆ ಪೈಪು ಇರುವುದೇ ತಿಳಿದಿರಲಿಲ್ಲ. ಹಿರಿಯ ವೈದ್ಯರಲ್ಲಿ ಈ ಸಂಖ್ಯೆ 38. ಮೇಲೇರಿದಷ್ಟೂ ಕೆಳಗಿನ ಚೀಲ ಕಾಣುವುದಿಲ್ಲ. ಎರಡು ವರ್ಷಗಳ ನಂತರ ಅವರೇ ಇನ್ನೊಂದು ಲೇಖನದಲ್ಲಿ ಈ ಪೈಪನ್ನು ರೋಗಿಯನ್ನು ಮಂಚಕ್ಕೆ ಕಟ್ಟಿಹಾಕುವ ಕಟ್ಟಿಗೆ ಹೋಲಿಸಿದರು. ಮಾಮುವಿನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಸೊಂಟ ಕೂಡಿಕೊಂಡ ಮೇಲೂ ಅವರು ಎದ್ದು ನಡೆಯದೆ ಇದ್ದದ್ದು ನೋವಿನಿಂದಲ್ಲ, ಚೀಲ ಹಿಡಿದುಕೊಂಡು ಅಂಗಳಕ್ಕೆ ಹೇಗೆ ಹೋಗುವುದೆಂದು.

ಕನ್ನಡದ ನೆಲಕ್ಕೆ ಸಂಬಂಧಿಸಿದ ಒಂದು ಸುದ್ದಿಯನ್ನು ಇಲ್ಲಿ ಹೇಳಬೇಕು. ಮೈಸೂರಿನಲ್ಲಿ ಹುಟ್ಟಿದ ಅನಿಮಾ ಆನಂದಕುಮಾರ್, ಮದ್ರಾಸಿನ ಐಐಟಿಯಲ್ಲಿ ಓದಿ ಈಗ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ ಲೋಕಕ್ಕೆ ಕೊಟ್ಟ ಆರ್. ಶಾಮಾಶಾಸ್ತ್ರಿಗಳ ವಂಶದವರು. ಅವರ ಕ್ಷೇತ್ರ ವೈದ್ಯಕೀಯವಲ್ಲ, ಕೃತಕ ಬುದ್ಧಿಮತ್ತೆ. ಅವರೂ, ಅಲ್ಲಿಯ ಕಿಯಾರಾ ದರಾಯೊ, ಪಾಲ್ ಸ್ಟರ್ನ್‌ಬರ್ಗ್ ಮತ್ತಿತರರೂ ಸೇರಿ ಮೂತ್ರದ ಪೈಪಿಗೆ ಹೊಸ ವಿನ್ಯಾಸವೊಂದನ್ನು ಮಾಡಿ 2024ರ ಜನವರಿಯಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ವಿನ್ಯಾಸ ಅರ್ಥವಾಗಲು ನಮ್ಮೂರಿನ ಗದ್ದೆ ಸಾಕು. ಮುಂಗಾರಿನ ಮೊದಲ ಮಳೆಗೆ ಹೊಳೆಯ ಮೀನು ಹರಿವಿಗೆ ಎದುರಾಗಿ ತೋಡು ಹತ್ತಿ ಗದ್ದೆಗೆ ಬರುತ್ತದೆ. ನಡುನೀರಿನ ಸೆಳೆತದಲ್ಲಿ ಅಲ್ಲ, ಸೆಳೆತ ಕಡಿಮೆ ಇರುವ ಅಂಚು ಹಿಡಿದು. ಪೈಪಿನೊಳಗೂ ಹಾಗೆಯೇ. ಮೂತ್ರ ಕೆಳಗೆ ಹರಿಯುತ್ತಿದ್ದರೂ ಗೋಡೆಯ ಬಳಿ ಹರಿವು ನಿಧಾನ. ಈಜಬಲ್ಲ ರೋಗಾಣುಗಳು ಗೋಡೆಗೆ ಒತ್ತಿಕೊಂಡು ಚೀಲದಿಂದ ಮೇಲಕ್ಕೆ, ಮೂತ್ರಕೋಶದತ್ತ ಈಜುತ್ತವೆ. ಈ ತಂಡದವರು ಕೊಳವೆಯ ಒಳಗೋಡೆಯಲ್ಲಿ ಸಾಲಾಗಿ ತ್ರಿಕೋನದ ಸಣ್ಣ ಏಣುಗಳನ್ನು ಇಟ್ಟರು. ಗೋಡೆ ಹಿಡಿದು ಬರುವ ರೋಗಾಣು ಏಣಿನ ತುದಿಗೆ ಬಂದಾಗ ಅಲ್ಲಿ ಹರಿವಿನ ರಭಸ ಹೆಚ್ಚು, ಪಕ್ಕದಲ್ಲೇ ಸುಳಿ. ಅದರ ತಲೆ ತಿರುಗಿ, ಪ್ರವಾಹಕ್ಕೆ ಸಿಕ್ಕಿ, ಕೆಳಕ್ಕೆ ಹೋಗುತ್ತದೆ. ಏಣು ಎಷ್ಟು ಎತ್ತರ, ಎಷ್ಟು ಅಂತರ, ಎಷ್ಟು ಓರೆ ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಕಲಿಸಿ ಮಾಡಿಸಿದರು. ಪ್ರಯೋಗಾಲಯದಲ್ಲಿ ಈ. ಕೋಲಿ ರೋಗಾಣುವನ್ನು ಬಿಟ್ಟು ನೋಡಿದಾಗ ಮೇಲೆ ತಲುಪಿದವುಗಳ ಸಂಖ್ಯೆ ಮಾಮೂಲಿ ಕೊಳವೆಗಿಂತ ಹತ್ತರಿಂದ ನೂರು ಪಟ್ಟು ಕಡಿಮೆಯಾಯಿತು. ಔಷಧಿಯಿಲ್ಲ, ಲೇಪವಿಲ್ಲ. ಬರೀ ಆಕಾರ. ಔಷಧಿಗೆ ಒಗ್ಗಿಕೊಂಡಂತೆ ತ್ರಿಕೋನಕ್ಕೆ ಒಗ್ಗಿಕೊಳ್ಳುವುದು ರೋಗಾಣುವಿಗೆ ಸುಲಭವಲ್ಲ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಮಾಮುವಿನ ಹೊಲಿಗೆ. ಮಕ್ಕಳ ಅಂಗಿಯ ಒಳಮಡಿಕೆಯಲ್ಲಿ ಅವರು ಎರಡು ಬೆರಳು ಬಟ್ಟೆ ಹೆಚ್ಚು ಬಿಡುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ, ಯಾರಿಗೂ ಹೇಳುತ್ತಲೂ ಇರಲಿಲ್ಲ. ಮುಂದಿನ ವರ್ಷ ಮಗು ಬೆಳೆದಾಗ ತಾಯಿ ಬಿಚ್ಚಿ ನೋಡಿದರೆ ಅಲ್ಲಿ ಬಟ್ಟೆ ಇರುತ್ತಿತ್ತು. ಒಳ್ಳೆಯ ವಿನ್ಯಾಸವೆಂದರೆ ಹೀಗೆಯೇ ಇರಬೇಕು, ಕಾಣದ ಒಬ್ಬರ ಮುಂದಿನ ಕಷ್ಟವನ್ನು ಮೊದಲೇ ನೆನೆಯುವುದು. ಕರ್ಮಗಳು ನಿಯ್ಯತ್ತನ್ನು ಹೊಂದಿಕೊಂಡಿವೆ ಎಂದು ನಂಬಿ ಬೆಳೆದವರು ನಾವು. ತ್ರಿಕೋನದ ಏಣಿಗೆ ನಿಯ್ಯತ್ತಿಲ್ಲ. ಆದರೆ ಅದನ್ನು ಕೊರೆದವರಿಗಿತ್ತು. ಮಂಚದ ಪಕ್ಕದಲ್ಲಿ ಇರಬೇಕಾಗಿದ್ದ ನಿಯ್ಯತ್ತು ದೂರದ ಮೇಜಿನ ಮೇಲೆ ಕೂತು ಕೆಲಸ ಮಾಡಿತೆಂದು ತಿಳಿಯಬಹುದೇ? ತಿಳಿಯಬಹುದು ಎನ್ನುವ ಕಡೆಗೇ ನಮ್ಮ ಮನಸ್ಸು ವಾಲುತ್ತದೆ. ಸೇವೆಯ ಶ್ರೇಷ್ಠತೆಯ ಬಗ್ಗೆ ಭಾಷಣ ಮಾಡಿ, ದಣಿದ ಸೊಸೆಯ ಮೇಲೆ ಎಲ್ಲವನ್ನೂ ಹೊರಿಸುವುದಕ್ಕಿಂತ, ದಣಿದವಳ ಕೈತಪ್ಪನ್ನೂ ತಡೆದುಕೊಳ್ಳುವ ವಸ್ತುವನ್ನು ಮಾಡಿಕೊಡುವುದು ಹೆಚ್ಚಿನ ದಯೆ. ಮನುಷ್ಯ ಮರೆಯುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ಹೊರಡುವುದರಲ್ಲಿ ಒಂದು ವಿನಯವಿದೆ.

ಆದರೂ ಮನಸ್ಸು ಅಲ್ಲಿಯೇ ನಿಲ್ಲುವುದಿಲ್ಲ. ಹಿಂದೊಮ್ಮೆ ಬೆಳ್ಳಿಯ ಲೇಪವಿರುವ ಪೈಪುಗಳು ಬಂದವು. ಬೆಲೆ ಹೆಚ್ಚು, ಸೋಂಕು ಕಡಿಮೆಯೆಂದು ಹೇಳಿದರು, ಆಸ್ಪತ್ರೆಗಳು ಕೊಂಡವು. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ ಸುಮಾರು ಏಳು ಸಾವಿರ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2012ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದಾಗ, ಕೆಲವು ದಿನಗಳ ಬಳಕೆಯಲ್ಲಿ ಬೆಳ್ಳಿಯಿಂದ ಸೋಂಕೇನೂ ಕಡಿಮೆಯಾಗಿಲ್ಲವೆಂದು ತಿಳಿಯಿತು. ಔಷಧಿ ಸವರಿದ ಇನ್ನೊಂದು ಬಗೆ ತುಸು ಉಪಯೋಗಕ್ಕೆ ಬಂದರೂ ಅದನ್ನು ಹಾಕಿಸಿಕೊಂಡವರಿಗೆ ಉರಿ ಹೆಚ್ಚಾಗಿತ್ತು. ತ್ರಿಕೋನದ ಏಣುಗಳೂ ಕೊಳವೆಯ ಒಳದಾರಿಯನ್ನು ಮಾತ್ರ ಕಾಯುತ್ತವೆ. ಕೊಳವೆಗೂ ಮೈಗೂ ನಡುವಿನ ಹೊರದಾರಿಯಿಂದ ಏರಿಹೋಗುವ ರೋಗಾಣುಗಳು ಕಡಿಮೆಯೇನಲ್ಲ. ಪ್ರಯೋಗಾಲಯದ ಕೊಳವೆಗೂ ಮುದುಕನ ಮೈಗೂ ನಡುವೆ ಬಹಳ ದಾರಿಯಿದೆ. ಒಳ್ಳೆಯ ಸಿಲಿಕೋನ್ ಪೈಪೇ ಮಾಮೂಲಿ ರಬ್ಬರಿನದಕ್ಕಿಂತ ಎಷ್ಟೋ ಪಟ್ಟು ದುಬಾರಿಯೆಂದು ಸಿಗದಿರುವ ಮನೆಗಳಲ್ಲಿ ಈ ಹೊಸತು ಯಾವಾಗ ಬಂದೀತು ಎಂಬುದು ಇನ್ನೊಂದು ಮಾತು.

ನಮ್ಮನ್ನು ಹೆಚ್ಚು ಕಾಡುವುದು ಇದಲ್ಲ. ಪೈಪು ನಿಜಕ್ಕೂ ಸುರಕ್ಷಿತವಾಗಿಬಿಟ್ಟರೆ ನಾವೇನು ಮಾಡುತ್ತೇವೆ? ಆ ಎಳೆಯ ಡಾಕ್ಟರು ತೆಗೆಯಬಹುದು ಎಂದಾಗ "ಇರಲಿ" ಎಂದ ನಾವು, ಸೋಂಕಿನ ಭಯವೂ ಇಲ್ಲವೆಂದು ತಿಳಿದರೆ ಇನ್ನೂ ಗಟ್ಟಿಯಾಗಿ "ಇರಲಿ" ಎನ್ನುವುದಿಲ್ಲವೇ? ಐದು ವಾರ ಐದು ತಿಂಗಳಾಗುವುದಿಲ್ಲವೇ? ಸೋಂಕು ತಪ್ಪಿದರೂ ಆ ಹಗ್ಗ ಹಾಗೆಯೇ ಉಳಿಯುತ್ತದೆ. ಗೋಡೆ ನೋಡುತ್ತ ಮಲಗುವುದು, ಅಂಗಳಕ್ಕೆ ಹೋಗದಿರುವುದು, ಗೇಟಿನ ಸದ್ದಿಗೆ ಮೈ ಬಿಗಿಯುವುದು ಯಾವ ಪರೀಕ್ಷೆಯ ಚೀಟಿಯಲ್ಲೂ ಬರುವುದಿಲ್ಲ. ವಸ್ತುವಿನ ಒಳ್ಳೆಯತನ ನಮ್ಮ ಸೋಮಾರಿತನಕ್ಕೆ ಪರವಾನಗಿಯಾಗುವ ಅಪಾಯ ಪ್ರತಿಯೊಂದು ಸುಧಾರಣೆಯಲ್ಲೂ ಇದೆ. ಬೆನ್ನುಮೂಳೆಗೆ ಪೆಟ್ಟಾಗಿ, ಅಥವಾ ದಾರಿ ಪೂರ್ತಿ ಮುಚ್ಚಿ, ಪೈಪು ಇಲ್ಲದೆ ಬದುಕಲಾರದವರಿದ್ದಾರೆ. ಅವರಿಗೆ ಈ ತ್ರಿಕೋನಗಳು ನಾಳೆಯೇ ಸಿಗಲಿ. ನಮ್ಮ ಮಾತು ಮಾಮುವಿನಂಥವರ ಬಗ್ಗೆ, ಬೇಡದಿದ್ದರೂ ಇಟ್ಟವರ ಬಗ್ಗೆ.

ಬೇಕಿರುವವರಿಗೂ ಬೇರೆ ದಾರಿಗಳಿವೆ. ಅಮೆರಿಕದ ಜಾಕ್ ಲ್ಯಾಪಿಡಿಸ್ 1972ರಲ್ಲಿ ಹೇಳಿದ್ದು, ಒಳಗೆ ಪೈಪು ಇಟ್ಟುಕೊಳ್ಳುವ ಬದಲು ರೋಗಿ ತಾನೇ ದಿನಕ್ಕೆ ಕೆಲವು ಸಲ ಸಣ್ಣ ನಳಿಗೆ ಹಾಕಿ ಮೂತ್ರ ತೆಗೆದುಕೊಳ್ಳಲಿ, ಕೈ ಶುದ್ಧವಾಗಿ ತೊಳೆದುಕೊಂಡರೆ ಸಾಕು ಎಂದು. ಆಪರೇಷನ್ ಥಿಯೇಟರಿನ ಮಟ್ಟದ ಶುದ್ಧಿ ಬೇಡವೆಂದಾಗ ಆಗ ಹಲವರು ಹೌಹಾರಿದರಂತೆ. ಈಗ ಲೋಕವೆಲ್ಲ ಅದನ್ನು ಒಪ್ಪಿದೆ. ವಿಚಿತ್ರವೆಂದರೆ ಇದು ಅಝ್ಝಹ್ರಾವಿಯ ನಳಿಗೆಯ ಕ್ರಮಕ್ಕೇ ಮರಳಿದಂತೆ, ಹಾಕು, ಖಾಲಿಮಾಡು, ತೆಗೆ. ಇನ್ನೊಂದು ಉಪಾಯ ಅತಿ ಅಗ್ಗದ್ದು. ಪೈಪು ಹಾಕಿ ಎರಡು ಮೂರು ದಿನಗಳಾದೊಡನೆ 'ಇದು ಇನ್ನೂ ಬೇಕೇ?' ಎಂದು ವೈದ್ಯರಿಗೆ ಒಂದು ಚೀಟಿ ಹೋಗುವ ಏರ್ಪಾಡು. ಹೀಗೆ ನೆನಪಿಸುವ ಕ್ರಮವಿದ್ದ ಆಸ್ಪತ್ರೆಗಳಲ್ಲಿ ಪೈಪಿನ ಸೋಂಕು ಅರ್ಧದಷ್ಟು ಕಡಿಮೆಯಾಯಿತೆಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿದಾಗ ಕಂಡುಬಂದಿದೆ. ಅಮೆರಿಕದ ಸರಕಾರಿ ವಿಮೆಯಂತೂ 2008ರ ಅಕ್ಟೋಬರಿನಿಂದ ಇಂಥ ಸೋಂಕಿನ ಹೆಚ್ಚುವರಿ ಖರ್ಚನ್ನು ಆಸ್ಪತ್ರೆಗೆ ಕೊಡುವುದನ್ನೇ ನಿಲ್ಲಿಸಿತು. ಮನಸ್ಸಾಕ್ಷಿಗೆ ಕೇಳದ್ದು ಕಿಸೆಗೆ ಕೇಳೀತೆಂಬ ಲೆಕ್ಕ.

ಒಂದು ಚೀಟಿ. ಅದೂ ವಿನ್ಯಾಸವೇ. ಆದರೆ ಇದು ತ್ರಿಕೋನದಂತೆ ನಮ್ಮ ಬದಲು ಕೆಲಸ ಮಾಡುವುದಿಲ್ಲ, ನಮ್ಮನ್ನೇ ಎಬ್ಬಿಸಿ ಕೆಲಸ ಮಾಡಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಮಾಮುವಿನ ಮನೆಗೆ ನಾವು ಚೀಟಿಯನ್ನು ಆರಿಸುತ್ತಿದ್ದೆವು. ಹಿಂದಿನ ಮನೆಯ ಮಾಷ್ಟ್ರು ಮಾಡಿದ್ದು ಆ ಚೀಟಿಯ ಕೆಲಸವನ್ನೇ.

ಎರಡನೆಯ ಸಲ ಆಸ್ಪತ್ರೆಯಿಂದ ಬಿಡುವ ಮುನ್ನ ಮಾಮುವಿನ ಪೈಪು ತೆಗೆದರು. ಮೊದಲ ದಿನ ಕಷ್ಟವಾಯಿತು, ಎರಡನೆಯ ದಿನ ಕಡಿಮೆ. ನಾವು ಹೆದರಿದ್ದ ರಾತ್ರಿಗಳು ಬಂದವು. ಎರಡು ಗಂಟೆಗೆ, ನಾಲ್ಕು ಗಂಟೆಗೆ ಏಳುವುದು, ಹಾಸಿಗೆ ಬದಲಿಸುವುದು. ಒಂದು ವಾರ ಮಾಮಿಗೂ ಸೊಸೆಗೂ ಸರಿಯಾದ ನಿದ್ದೆ ಇಲ್ಲ. ನಾವು ಗಂಡಸರು ಸರದಿ ಹಾಕಿಕೊಂಡೆವೆಂದು ಹೇಳಲು ಆಸೆ, ಆದರೆ ನಾಲ್ಕು ರಾತ್ರಿ ಮಾತ್ರ ಹಾಕಿಕೊಂಡೆವು. ಎರಡು ವಾರಕ್ಕೆ ಮಾಮು ಗೋಡೆ ಹಿಡಿದು ಬಚ್ಚಲಿಗೆ ಹೋಗತೊಡಗಿದರು.

ಈ ವರ್ಷ ಮಳೆಗಾಲದಲ್ಲಿ ಮಾಷ್ಟ್ರ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಕರೆತಂದರು. ನಾವು ನೋಡಲು ಹೋದಾಗ ಮಾಮುವೂ ಕೋಲೂರಿಕೊಂಡು ಬಂದಿದ್ದರು. ಮಂಚದ ಬದಿಯಲ್ಲಿ ಚೀಲವಿತ್ತು, ಮೇಲೊಂದು ಬೈರಾಸು. ಮಾಮು ಬಾಗಿ, ಬೈರಾಸು ಸರಿಸಿ, ಚೀಲ ಎಲ್ಲಿ ತೂಗುತ್ತಿದೆಯೆಂದು ನೋಡಿದರು. ಆಮೇಲೆ, "ಮಾಷ್ಟ್ರೇ, ಇದನ್ನು ತೆಗೆಯುವುದು ಯಾವಾಗ?" ಎಂದು ಕೇಳಿದರು. ಮಾಷ್ಟ್ರು ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದರು. ಅದರಲ್ಲಿ ಬರೆದಿರಲಿಲ್ಲ. ಅಲ್ಲಿಯೇ ಕೂತು ಫೋನ್ ಮಾಡಿದರು. ಎರಡು ಸಲ ಬೇರೆ ಬೇರೆಯವರಿಗೆ ಕೊಟ್ಟು, ಕೊನೆಗೆ ಒಬ್ಬರು, ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ, ತೆಗೆದುಬಿಡೋಣ ಎಂದರು.